ಸೋಮವಾರ ಮೇಲಿನಿಂದ ಕಂಡ ಊರು

ಆರ್ಡೆಲ್, ಕೊಲೊರಾಡೊ
ಸೆಪ್ಟೆಂಬರ್ 10, 1957

ಪ್ರೀತಿಯ ಅಮ್ಮ,

ನನಗೆ ಮದುವೆಯಾಯಿತು, ಮೊನ್ನೆ ಶನಿವಾರ ಬೆಳಿಗ್ಗೆ, ಎಮಿಲ್ ಡೀಟ್ಸ್ ಜೊತೆ, ಮತ್ತು ಇಷ್ಟೊಂದು ಸಂತೋಷ ಒಬ್ಬಳ ಮೈಯೊಳಗೆ ಹೇಗೆ ಹಿಡಿಸುತ್ತದೋ ನನಗಿನ್ನೂ ತಿಳಿದಿಲ್ಲ.

ಇಷ್ಟು ಓದುವಷ್ಟರಲ್ಲಿ ನೀನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿರುತ್ತೀಯ. ಪರವಾಗಿಲ್ಲ, ಸ್ವಲ್ಪ ಹೊತ್ತು ಹಾಗೇ ಕೂತು, ಒಂದು ಲೋಟ ಕಾಫಿ ಕುಡಿದು, ಮತ್ತೆ ಹಾಕಿಕೋ. ನಾನು ಕಾಯುತ್ತೇನೆ.

ಬೇಸಿಗೆಯಲ್ಲಿ ಅವನು ಕ್ರೆಸ್ಟನ್ನಿನ ಜೋಳದ ಹೊಲಗಳ ಮೇಲೆ ಔಷಧಿ ಸಿಂಪಡಿಸಲು ವಿಮಾನ ತಂದಿದ್ದಾಗ ನೀನು ಅಡುಗೆಮನೆಯ ಕಿಟಕಿಯಿಂದ ನೋಡಿ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ: "ಆಕಾಶದಲ್ಲಿ ದುಡಿಯೋನು ನೆಲದ ಮೇಲೆ ಮನೆ ಕಟ್ಟೋದು ಯಾವಾಗ?" ಕಟ್ಟಿದ್ದಾನೆ ಅಮ್ಮ. ಎರಡೇ ಕೋಣೆ, ಹೊರಗೆ ಬಂದರೆ ಮಣ್ಣಿನ ಓಡುಹಾದಿ, ಅದರ ತುದಿಯಲ್ಲಿ ಅವನ ಎರಡು ವಿಮಾನ. ಒಂದು ಔಷಧಿ ಹೊಡೆಯುವುದು, ಇನ್ನೊಂದು ಪಾಠ ಹೇಳಿಕೊಡುವುದು. ಹಿತ್ತಲಿಗೆ ತಾಗಿದಂತೆ ಸಕ್ಕರೆ ಕಂಪನಿಯ ಕಾಲೊನಿ, ಸಕ್ಕರೆಗೆಂದು ಬೆಳೆಯುವ ಬೀಟ್ ಗೆಡ್ಡೆಯ ಹೊಲಗಳಲ್ಲಿ ದುಡಿಯುವವರ ಪುಟ್ಟ ಮನೆಗಳ ಸಾಲು. ಎಮಿಲ್ ಹುಟ್ಟಿದ್ದು ಆ ಸಾಲಿನಲ್ಲೇ, ಮೂರನೆಯ ಮನೆಯಲ್ಲಿ. ಆಗ ಅಲ್ಲಿ ಎಲ್ಲರೂ ಅವನ ಕಡೆಯವರೇ, ರಷ್ಯಾದಿಂದ ಬಂದ ಜರ್ಮನ್ನರು. ಈಗ ಅವರೆಲ್ಲ ಹೊಲ ಕೊಂಡು ಆಚೆ ಹೋದರು, ಮೆಕ್ಸಿಕನ್ ಕುಟುಂಬಗಳು ಬಂದಿವೆ.

ಮನೆಯ ಮುಂದೆ ನಿಂತರೆ ಕಾಲುವೆ, ಕಾಲುವೆಯಾಚೆ ಹೊಸ ಬಡಾವಣೆ, ಬಡಾವಣೆಯ ಅಂಚಿನಲ್ಲಿ ಹೊಸ ಶಾಲೆ ಏಳುತ್ತಿದೆ. ಕಬ್ಬಿಣದ ಪಂಜರ ಎದ್ದಿದೆ, ಗೋಡೆ ಇನ್ನೂ ಇಲ್ಲ. ಸಂಜೆ ಸೂರ್ಯ ಆ ಪಂಜರದೊಳಗಿಂದ ಮುಳುಗುತ್ತಾನೆ. ಇಷ್ಟು ದೊಡ್ಡ ಆಕಾಶವನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಮೊದಲ ದಿನ ಹೊರಗೆ ಬಂದವಳು ಏನೋ ಹಿಡಿದುಕೊಳ್ಳಬೇಕೆನಿಸಿ ಬಾಗಿಲ ಚೌಕಟ್ಟು ಹಿಡಿದುಕೊಂಡೆ.

ಒಂದೇ ಒಂದು ಟರ್ಮ್ ಉಳಿದಿತ್ತು, ಅದನ್ನು ಮುಗಿಸಿದ್ದರೆ ಟೀಚರ್ ಸರ್ಟಿಫಿಕೇಟ್ ಕೈಯಲ್ಲಿರುತ್ತಿತ್ತು ಎನ್ನುತ್ತೀಯ. ಮದುವೆಯಾದ ಹೆಂಗಸು ಪಾಠ ಹೇಳಬಾರದೆಂದು ಮದುವೆಯಾದ ದಿನವೇ ನಿನ್ನ ಕೈಯಿಂದ ಚಾಕ್ ಕಿತ್ತುಕೊಂಡಿದ್ದರು, ಅಪ್ಪ ತೀರಿಕೊಂಡ ಮೇಲಷ್ಟೇ ವಾಪಸ್ ಕೊಟ್ಟರು, ಅದೂ ಗೊತ್ತು. ಆದರೂ ಕಾಯಲಾಗಲಿಲ್ಲ. ಇದಕ್ಕಿಂತ ಒಳ್ಳೆಯ ಕಾರಣ ನನ್ನ ಬಳಿ ಇಲ್ಲ.

ನಿನ್ನ ಮಗಳು,
ವರ್ನಾ


ಕ್ರೆಸ್ಟನ್, ಅಯೋವಾ
ಸೆಪ್ಟೆಂಬರ್ 24, 1957

ವರ್ನಾ,

ನಿನ್ನ ಪತ್ರ ತಲುಪಿತು. ನಿನ್ನ ಪುಸ್ತಕಗಳನ್ನು ಕಟ್ಟಿ ಅಟ್ಟದ ಮೇಲಿಟ್ಟಿದ್ದೇನೆ. ನಿನ್ನ ಜಾಗವನ್ನು ಜನವರಿಯವರೆಗೆ ಕಾಯ್ದಿಡುವುದಾಗಿ ಕಾಲೇಜಿನವರು ಹೇಳಿದ್ದಾರೆ. ನನ್ನ ನಿವೃತ್ತಿಯ ನಂತರ ಒಂದನೇ ತರಗತಿಗೆ ಇನ್ನೂ ಯಾರೂ ಸಿಕ್ಕಿಲ್ಲವಂತೆ, ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂಡಿಸಿದ್ದಾರೆ. ನನ್ನನ್ನು ಮಾತ್ರ ವಯಸ್ಸಾಯಿತೆಂದು ಕಳುಹಿಸಿದರು.

ಇಲ್ಲಿ ಹವೆ ಚೆನ್ನಾಗಿದೆ.

ಅಮ್ಮ


ಆರ್ಡೆಲ್
ಅಕ್ಟೋಬರ್ 8, 1957

ಪ್ರೀತಿಯ ಅಮ್ಮ,

ಹವೆ ಇಲ್ಲೂ ಚೆನ್ನಾಗಿದೆ. ಅಷ್ಟು ಹೇಳಿ ನಿನ್ನಂತೆ ಸುಮ್ಮನಿರುವುದು ನನ್ನಿಂದಾಗದು.

ಬೀಟ್ ಕೀಳುವ ಕಾಲ ಶುರುವಾಗಿದೆ. ಗೆಡ್ಡೆಗಳನ್ನು ರೈಲು ನಿಲ್ದಾಣದ ಪಕ್ಕ ರಾಶಿ ಹಾಕುತ್ತಾರೆ, ಆ ರಾಶಿ ನಮ್ಮ ಕ್ರೆಸ್ಟನ್ನಿನ ಚರ್ಚಿಗಿಂತ ಎತ್ತರ ಬೆಳೆದಿದೆ. ಊರಿಗೆಲ್ಲ ಒಂದು ತರಹದ ಸಿಹಿಕೊಳೆತ ವಾಸನೆ. "ಅದು ದುಡ್ಡಿನ ವಾಸನೆ ಕಣೇ, ಮೂಗು ಮುಚ್ಚಬೇಡ" ಎನ್ನುತ್ತಾನೆ ಎಮಿಲ್.

ಕಾಲೊನಿಯಲ್ಲಿ ನನಗೊಬ್ಬಳು ಗೆಳತಿ ಸಿಕ್ಕಿದ್ದಾಳೆ, ಕೊನ್ಸುಯೆಲೊ ಅರ್ಮಿಹೋ. ಎಲ್ಲರೂ ಚೆಲೊ ಎನ್ನುತ್ತಾರೆ. ನಾನು ಸುಟ್ಟ ಮೊದಲ ಬ್ರೆಡ್ಡಿನ ವಾಸನೆಗೆ ಬೇಲಿಯ ಬಳಿ ಬಂದವಳು. "ಏನಮ್ಮಾ ಹೊಸ ಹೆಂಡ್ತಿ, ಗಂಡನ್ನ ಬೇಯಿಸ್ತಿದ್ದೀಯಾ?" ಎಂದು ಕೇಳಿದಳು. ಅವಳ ಮಗಳು ಇನೆಸ್‌ಗೆ ಆರು ವರ್ಷ, ಒಂದನೇ ತರಗತಿ. ನಮ್ಮ ಹಿತ್ತಲಿನಿಂದ ಹೊಸ ಶಾಲೆಗೆ ಕೂಗಿದರೆ ಕೇಳಿಸುತ್ತದೆ. ಆದರೆ ಅವಳು ಹೋಗುವುದು ಹಳಿಗಳಾಚೆಯ ಹಳೆ ಶಾಲೆಗೆ. ಅಲ್ಲಿ ಜಾಗ ಸಾಲದೆ ಅರ್ಧ ಮಕ್ಕಳಿಗೆ ಬೆಳಿಗ್ಗೆ, ಅರ್ಧ ಮಕ್ಕಳಿಗೆ ಮಧ್ಯಾಹ್ನ ಪಾಠ. ಕಾಲೊನಿಯವರಿಗೆ ಯಾವಾಗಲೂ ಮಧ್ಯಾಹ್ನವೇ.

ಕಳೆದ ವಾರ ಚೆಲೊ ಹೊಲದಲ್ಲಿದ್ದಳೆಂದು ನಾನೇ ಇನೆಸ್‌ಳನ್ನು ಕರೆತರಲು ಹೋದೆ. ಬೀಟ್ ತುಂಬಿದ ಗೂಡ್ಸ್ ಗಾಡಿ ದಾರಿಗೆ ಅಡ್ಡ ನಿಂತಿತ್ತು, ಆ ತುದಿಯೂ ಕಾಣದು ಈ ತುದಿಯೂ ಕಾಣದು. ನಾನು ಈಚೆ, ಮಕ್ಕಳು ಆಚೆ. ಗಾಡಿ ಹೋಗಲೆಂದು ಕಾಯುತ್ತಾ ನಿಂತಿದ್ದೇನೆ, ಅಷ್ಟರಲ್ಲಿ ಎರಡು ಚಕ್ರಗಳ ನಡುವಿನಿಂದ ಒಂದು ಊಟದ ಡಬ್ಬಿ ಉರುಳಿ ಬಂತು. ಅದರ ಹಿಂದೆ ಇನೆಸ್, ಹೊಟ್ಟೆಯ ಮೇಲೆ ತೆವಳಿಕೊಂಡು. ಅವಳ ಹಿಂದೆ ಉಳಿದವರು. ಎದ್ದು ಲಂಗ ಕೊಡವಿಕೊಂಡು "ಯಾಕೆ ಹಂಗೆ ನೋಡ್ತಿದ್ದೀರಿ? ದಿನಾ ಹಿಂಗೇ ಬರೋದು" ಎಂದಳು. ನಾನು ಅವಳ ಕೈ ಹಿಡಿದುಕೊಂಡು ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಗಾಡಿ ಗಡಗಡ ಎಂದು ಜಗ್ಗಿ ಹೊರಟಿತು. ಅಮ್ಮ, ಆ ಸದ್ದು ಇನ್ನೂ ನನ್ನ ಹಲ್ಲುಗಳಲ್ಲಿದೆ.

ಇನೆಸ್‌ಗೆ ಹೊಸ ಶಾಲೆ ಸಿಗಬೇಕು. ನನಗೆ ಬೇರೆ ಏನೂ ಕಾಣಿಸುತ್ತಿಲ್ಲ.

ಯಾವ ಮನೆಯ ಮಕ್ಕಳು ಯಾವ ಶಾಲೆಗೆ ಎಂಬ ಗೆರೆ ಎಳೆಯಲು ನಿನ್ನೆ ಸಂಜೆ ಶಾಲಾ ಮಂಡಳಿಯ ಮೀಟಿಂಗ್ ಇತ್ತು. ಅಧ್ಯಕ್ಷರು ಟ್ಯಾಕೆಟ್, ಮರದ ಅಂಗಡಿಯವರು. ಗೆರೆಯನ್ನು ಕಾಲುವೆಗೆ ನಿಲ್ಲಿಸೋಣ ಎಂದರು, ಅಂದರೆ ಹೊಸ ಶಾಲೆ ಬಡಾವಣೆಗೆ ಮಾತ್ರ.

"ಗೆರೆ ಎಲ್ಲಾದ್ರೂ ನಿಲ್ಲಬೇಕಲ್ವಾ? ಕಾಲುವೆ ದೇವರೇ ಎಳೆದಿಟ್ಟ ಗೆರೆ" ಎಂದರು.

ಹಿಂದಿನಿಂದ ನನ್ನ ಗಂಡ ಎದ್ದು ನಿಂತ. "ದೇವ್ರಲ್ಲ ಸಾರ್, ನಮ್ಮಜ್ಜ. ಎರಡು ಹೇಸರಗತ್ತೆ ಕಟ್ಕೊಂಡು ಅಗೆದಿದ್ದು."

ಇಡೀ ಕೋಣೆ ನಕ್ಕಿತು. ಟ್ಯಾಕೆಟ್ ಕೂಡ ನಕ್ಕರು. ಆದರೆ ಕಾಲೊನಿಯಲ್ಲಿ ಎಷ್ಟು ಮಕ್ಕಳಿದ್ದಾರೆ, ಬಡಾವಣೆಯಲ್ಲಿ ಎಷ್ಟು ಎಂದು ಯಾರಿಗೂ ಗೊತ್ತಿಲ್ಲ. ಇರುವ ನಕ್ಷೆಯಲ್ಲಿ ಕಾಲೊನಿಯೂ ಇಲ್ಲ, ಬಡಾವಣೆಯೂ ಇಲ್ಲ, ಅಲ್ಲಿ ಬರೀ ಹುಲ್ಲು. ಮನೆಮನೆಗೆ ಹೋಗಿ ಕೇಳೋಣವೆಂದರೆ ಸುಗ್ಗಿಯಲ್ಲಿ ಯಾರೂ ಮನೆಯಲ್ಲಿಲ್ಲ. ಆಗ ಎಮಿಲ್ ಹೇಳಿದ: ಶಾಲೆಗೆ ಹೋಗುವ ಮಗುವಿರುವ ಮನೆಯವರು ಅಂಗಳದಲ್ಲಿ ಮಗುವಿಗೊಂದರಂತೆ ಬಿಳಿ ದುಪ್ಪಟಿ ಹರವಲಿ, ನಾನು ಮೇಲಿಂದ ಫೋಟೊ ತೆಗೆಸಿಕೊಡುತ್ತೇನೆ.

ಶುಕ್ರವಾರದಿಂದ ಊರಿನವರೆಲ್ಲ ಕತ್ತೆತ್ತಿಕೊಂಡೇ ಓಡಾಡುತ್ತಿದ್ದಾರಲ್ಲ, ರಷ್ಯಾದವರು ಭೂಮಿ ಸುತ್ತಲು ಆ ಉಪಗ್ರಹದ ಚೆಂಡು ಹಾರಿಸಿದಾಗಿನಿಂದ. "ನೀನೂ ರಷ್ಯಾದೋನೇ ಅಲ್ವೇನಯ್ಯ ಡೀಟ್ಸ್? ನಮ್ಮ ಮನೆ ಫೋಟೊ ಮಾಸ್ಕೋಗೆ ಕಳಿಸ್ಬೇಡ" ಎಂದು ಯಾರೋ ಕಿಚಾಯಿಸಿದರು. "ನಿಮ್ಮನೆ ನೋಡಿದ್ರೆ ಅವರು ಯುದ್ಧ ಗೆದ್ದೆವು ಅಂದ್ಕೋತಾರೆ" ಎಂದ ಇವನು.

ಊರಿನ ಶಾಲೆಗಳ ಸೂಪರಿಂಟೆಂಡೆಂಟ್ ಹ್ಯಾಲ್ವರ್ಸನ್ ಒಪ್ಪಿದರು. ಇಪ್ಪತ್ತೆಂಟನೇ ತಾರೀಖು, ಸೋಮವಾರ ಬೆಳಿಗ್ಗೆ, ಗಾಳಿ ಕಡಿಮೆ ಇರುತ್ತದೆ. ಕ್ಯಾಮೆರಾ ಹಿಡಿಯುವವಳು ಯಾರು ಗೊತ್ತೇ? ನಾನು.

ನಿನ್ನ,
ವರ್ನಾ


ಆರ್ಡೆಲ್
ಅಕ್ಟೋಬರ್ 29, 1957

ಪ್ರೀತಿಯ ಅಮ್ಮ,

ನಾನು ಹಾರಿದೆ. ಬೆಳಗಿನಿಂದ ಪಾತ್ರೆ ತೊಳೆಯುತ್ತಿದ್ದೇನೆ, ನೆಲ ಒರೆಸುತ್ತಿದ್ದೇನೆ, ಆದರೆ ಇನ್ನೂ ಪೂರ್ತಿ ಇಳಿದಿಲ್ಲ.

ಮೊದಲು ನೆಲ ಬಿಟ್ಟುಹೋಯಿತು. ನಾವು ಏರಿದೆವು ಎನಿಸಲಿಲ್ಲ, ನೆಲವೇ ನಮ್ಮ ಕೈಬಿಟ್ಟು ಕೆಳಗೆ ಸರಿದಂತಾಯಿತು. ನಮ್ಮ ಮನೆ ಬೆಂಕಿಪೊಟ್ಟಣವಾಯಿತು, ಕಾಲುವೆ ಯಾರೋ ಬೀಳಿಸಿಕೊಂಡು ಹೋದ ರಿಬ್ಬನ್ ಆಯಿತು. ನದಿ ಒಂದಲ್ಲ, ಹೆಣೆದು ಬಿಚ್ಚಿದ ಜಡೆಯಂತೆ ಹತ್ತಾರು ಎಳೆ. ಎಲ್ಲ ದಿಕ್ಕಿನಲ್ಲೂ ಬಯಲು ಹೋಗುತ್ತದೆ, ಹೋಗುತ್ತಲೇ ಇರುತ್ತದೆ, ಕೊನೆಗೆ ಎಲ್ಲಿ ಆಕಾಶವಾಯಿತೆಂದು ಕಣ್ಣಿಗೆ ಸಿಗುವುದೇ ಇಲ್ಲ. ಹೆದರಿಕೆಯಾಗುತ್ತದೆಂದು ಏಪ್ರನ್ ಗಂಟು ಬಿಗಿದಂತೆ ಬೆಲ್ಟ್ ಬಿಗಿದುಕೊಂಡಿದ್ದೆ. ಹೆದರುವುದು ಮರೆತೇಹೋಯಿತು. ದೇವರಿಗೆ ನಾವು ಹೀಗೆ ಕಾಣುವುದಾದರೆ ಅವನು ನಮ್ಮ ಮೇಲೆ ಸಿಟ್ಟಾಗುವುದು ಹೇಗೆ ಸಾಧ್ಯ ಅನ್ನಿಸಿತು.

ಎಮಿಲ್ ವಿಮಾನವನ್ನು ಊರಿನ ಮೇಲೆ ತಿರುಗಿಸಿದ. ನಾನು ಕ್ಯಾಮೆರಾ ಎತ್ತಿದೆ. ಅಮ್ಮ, ಊರಿಗೆ ಊರೇ ಬಿಳಿ. ಮುದುಕ ಪಾದ್ರಿಯ ಅಂಗಳ ಬಿಳಿ, ಮಕ್ಕಳಿಲ್ಲದ ಟ್ಯಾಕೆಟ್ ದಂಪತಿಯ ಅಂಗಳ ಬಿಳಿ, ಹೋಟೆಲಿನ ಹಿತ್ತಲಲ್ಲಿ ನಲವತ್ತು ದುಪ್ಪಟಿ.

ಎಮಿಲ್ ಎಂಜಿನ್ ಸದ್ದಿನ ಮೇಲೆ ಕೂಗಿದ. "ಏನೇ ಇದು, ಊರಿಗೆ ಊರೇ ಶರಣಾಗಿಬಿಟ್ಟಿದೆ?"

ಆಗ ನನಗೆ ಹೊಳೆಯಿತು. "ಇವತ್ತು ಸೋಮವಾರ ಕಣೋ" ಎಂದೆ.

"ಹೌದು, ಸೋಮವಾರ. ಅದಕ್ಕೇನು?"

"ಸೋಮವಾರ ಬಟ್ಟೆ ಒಗೆಯೋ ದಿನ."

ಅವನು ಹಿಂದೆ ತಿರುಗಿ ನನ್ನ ಮುಖ ನೋಡಿದ. ಮೂವತ್ತು ವರ್ಷ ಈ ಊರಲ್ಲಿ ಬೆಳೆದವನು, ಮೂವತ್ತು ವರ್ಷವೂ ಸೋಮವಾರ ಸಂಜೆ ಮಡಿಸಿದ ಅಂಗಿ ತೊಟ್ಟವನು. ಮಂಡಳಿಯ ಏಳು ಗಂಡಸರೂ ಅಷ್ಟೇ. ನಾನಾದರೂ ಹೇಳಬೇಕಿತ್ತಲ್ಲವೇ? ನನಗಿರುವುದು ಇಬ್ಬರ ಬಟ್ಟೆ, ಮನಸ್ಸು ಬಂದಾಗ ಒಗೆಯುತ್ತೇನೆ, ಅದಕ್ಕೇ ಹೊಳೆಯಲಿಲ್ಲ. ಆಕಾಶದ ಮಧ್ಯದಲ್ಲಿ ನಾವಿಬ್ಬರೂ ನಕ್ಕ ನಗೆಗೆ ವಿಮಾನ ಓಲಾಡಿತು. ಅದು ಗಾಳಿಗೆ ಎಂದು ಎಮಿಲ್ ಹೇಳುತ್ತಾನೆ.

ಬಂದದ್ದು ಬಂದೆವು, ರೀಲು ಮುಗಿಯುವವರೆಗೆ ತೆಗೆಯೋಣವೆಂದು ತೆಗೆಯುತ್ತಾ ಹೋದೆ. ಇನ್ನಷ್ಟು ಕೆಳಗೆ ಬಂದೆವು. ಆಗ ದೊಡ್ಡ ಬಿಳುಪಿನ ಪಕ್ಕದಲ್ಲಿ ಚಿಕ್ಕ ಬಿಳುಪು ಕಾಣಿಸಿತು. ಚೌಕಗಳು. ಹಗ್ಗದ ಮೇಲೆ ಒಂದೇ ಅಳತೆಯಲ್ಲಿ ಸಾಲಾಗಿ ಕೂತ ಹಕ್ಕಿಗಳಂತೆ. ಊರ ನಡುವಿನ ಹಳೆ ಬೀದಿಗಳಲ್ಲಿ ಅಲ್ಲೊಂದು ಇಲ್ಲೊಂದು ಸಾಲು. ಬಡಾವಣೆಯಲ್ಲಿ ಮನೆಮನೆಗೆ. ಕಾಲುವೆ ದಾಟಿ ಕಾಲೊನಿಯ ಮೇಲೆ ಬಂದರೆ ಹಗ್ಗ ಸಾಲದೆ ಬೇಲಿಯ ಮೇಲೆ, ಕೋಳಿಗೂಡಿನ ಮೇಲೆ, ಪೊದೆಗಳ ಮೇಲೆ ಚೌಕಗಳು. ಕೂಸುಗಳ ಲಂಗೋಟಿ, ಅಮ್ಮ.

ಅವನ್ನು ನಾನು ಅಷ್ಟು ಎತ್ತರದಿಂದ ಅಷ್ಟು ಬೇಗ ಹೇಗೆ ಗುರುತಿಸಿದೆ ಎಂದು ಕೇಳಬೇಡ.

ನಾವು ಎಣಿಸಲು ಹೋದದ್ದು ಇಂದು ಶಾಲೆಯಲ್ಲಿರುವ ಮಕ್ಕಳನ್ನು. ಕೆಳಗೆ ಬಿಸಿಲಿಗೆ ಒಣಗುತ್ತಿದ್ದದ್ದು ಇನ್ನೈದು ವರ್ಷಕ್ಕೆ ಬಾಗಿಲಲ್ಲಿ ಬಂದು ನಿಲ್ಲುವವರು. ನಾನು ನಗುವುದನ್ನು ನಿಲ್ಲಿಸಿದೆ. ಎಮಿಲ್ ಕಾಲೊನಿಯ ಮೇಲೆ ಇನ್ನೊಂದು ಸುತ್ತು ನಿಧಾನವಾಗಿ ಹಾಕಿದ.

ಇಳಿದ ಮೇಲೆ ಚೆಲೊ ಬಕೆಟ್ ಹಿಡಿದು ನಿಂತಿದ್ದಳು. "ಗಂಡಸರು ಸೋಮವಾರ ಅಂದಾಗ ಏನೋ ಯೋಚನೆ ಮಾಡೇ ಇಟ್ಟಿರ್ತಾರೆ ಅಂದ್ಕೊಂಡೆ ಕಣೇ."

"ಒಂದು ಮಾತು ಕೇಳಬಾರದಿತ್ತಾ ಚೆಲೊ?"

"ನಂಗೇನು ಗೊತ್ತು, ದುಪ್ಪಟಿ ಜೊತೆ ಚಡ್ಡೀನೂ ಎಣಿಸ್ತಾರೇನೋ ಅಂತ."

ಇನ್ನೂ ಮೇಲೇ ಇರುವ ನಿನ್ನ,
ವರ್ನಾ


ಕ್ರೆಸ್ಟನ್
ನವೆಂಬರ್ 8, 1957

ವರ್ನಾ,

ಸೋಮವಾರ. ಆ ಮೀಟಿಂಗಿನಲ್ಲಿ ಒಬ್ಬರಿಗೂ ತಾಯಿ ಇರಲಿಲ್ಲವೇ?

ಪತ್ರವನ್ನು ಮೂರು ಸಲ ಓದಿದೆ. ಪಕ್ಕದ ಮನೆಯವಳಿಗೂ ಓದಿ ಹೇಳಿದೆ, ಆಕೆ ಕಾಫಿ ಚೆಲ್ಲಿಕೊಂಡಳು.

ಆ ಹುಡುಗಿ ಇನೆಸ್ ಅಕ್ಷರ ಕೂಡಿಸಿ ಓದುತ್ತಾಳೆಯೇ? ಅರ್ಧ ದಿನದ ಶಾಲೆಯಲ್ಲಿ ಕ್ರಿಸ್ಮಸ್ಸಿನೊಳಗೆ ಅದು ಆಗುವುದು ಕಷ್ಟ. ಅವಳಿಗೆ ಎಡಗೈ ಅಭ್ಯಾಸವಿದ್ದರೆ ಬದಲಿಸಲು ಬಿಡಬೇಡ.

ಸದ್ಯಕ್ಕೆ ಮತ್ತೆ ವಿಮಾನ ಹತ್ತಬೇಡ. ಕಾರಣ ನೀನು ಬರೆದಿಲ್ಲ, ನಾನೂ ಬರೆಯುವುದಿಲ್ಲ. ಬೆಳಿಗ್ಗೆ ಏಳುವ ಮೊದಲು ಒಣ ಬ್ರೆಡ್ ತಿನ್ನು.

ಅಮ್ಮ


ಆರ್ಡೆಲ್
ನವೆಂಬರ್ 19, 1957

ಪ್ರೀತಿಯ ಅಮ್ಮ,

ಒಣ ಬ್ರೆಡ್ ತಿನ್ನುತ್ತಿದ್ದೇನೆ. ಅದರ ಬಗ್ಗೆ ಇಷ್ಟೇ.

ಈಗ ಕೂತು ಓದು, ಏಕೆಂದರೆ ನಾನೊಂದು ಕೆಲಸ ಮಾಡಿಬಿಟ್ಟಿದ್ದೇನೆ. ಮೊದಲಿನಿಂದಲೇ ಹೇಳುತ್ತೇನೆ.

ಫೋಟೊಗಳನ್ನು ಡೆನ್ವರಿನಲ್ಲಿ ದೊಡ್ಡದು ಮಾಡಿಸಿ, ತುಂಡುಗಳನ್ನು ಕೂಡಿಸಿ, ಹಳೆ ಶಾಲೆಯ ಆಟದ ಕೋಣೆಯ ಗೋಡೆಗೆ ಅಂಟಿಸಿದರು. ನಿನ್ನೆ ಸಂಜೆ ಮಂಡಳಿಯ ಮೀಟಿಂಗ್ ಅಲ್ಲೇ. ಫೋಟೊ ಕೆಟ್ಟಿದೆ, ಗೇಲಿ ಮಾಡೋಣವೆಂದೇ ಜನ ಬಂದರು. ಬಾಗಿಲಲ್ಲಿ ನಗುತ್ತಾ ಬಂದವರು ಗೋಡೆಯ ಹತ್ತಿರ ಹೋಗುತ್ತಿದ್ದಂತೆ ದನಿ ತಗ್ಗಿಸಿದರು. ಗಂಡಸರು ಯಾರೂ ಹೇಳದೆ ಟೋಪಿ ತೆಗೆದರು. ತಮ್ಮ ಊರನ್ನು ಅವರು ಇಡಿಯಾಗಿ ನೋಡಿರಲೇ ಇಲ್ಲ. ಒಬ್ಬೊಬ್ಬರೇ ಬೆರಳು ಚಾಚಿ, ಮುಟ್ಟದೆ, ತಮ್ಮ ಮನೆ ಹುಡುಕಿದರು. "ಅಲ್ನೋಡು, ನನ್ನ ಕೆಂಪು ಗಂಜಿಫ್ರಾಕು ಬಿಳಿ ಕಾಣ್ತಿದೆ." "ನಿನ್ನ ಹೆಂಡ್ತಿ ಬಿಸಿನೀರಲ್ಲಿ ಹಾಕಿದ್ದಾಳೆ ಬಿಡು." ಕಾಲೊನಿಯವರು ಹೊಲದ ಕೆಲಸ ಮುಗಿಸಿ, ಮುಖ ತೊಳೆದು, ಕೂದಲು ಬಾಚಿ, ಹಿಂದಿನ ಗೋಡೆಗೆ ಒರಗಿ ನಿಂತಿದ್ದರು, ಮೂವತ್ತು ನಲವತ್ತು ಜನ. ಅವರ ಮನೆಗಳು ಯಾವ ನಕ್ಷೆಯಲ್ಲೂ ಇರಲಿಲ್ಲವಲ್ಲ. ಚೆಲೊ ತನ್ನ ಚಾವಣಿ ಕಂಡಾಗ ಗಂಡನ ತೋಳು ಹಿಡಿದಳು.

ನಾನು ಹೆಂಗಸರ ಬೆಂಚಿನಿಂದ ಎದ್ದು ಚೌಕಗಳನ್ನು ತೋರಿಸಿದೆ. "ದುಪ್ಪಟಿ ಬಿಟ್ಟುಬಿಡಿ. ಈ ಚಿಕ್ಕದು ನೋಡಿ. ಇವರು ಬಂದಾಗ ಎಲ್ಲಿ ಕೂರಿಸ್ತೀರಿ?"

ಹ್ಯಾಲ್ವರ್ಸನ್ ಕನ್ನಡಕವನ್ನು ಹಣೆಗೇರಿಸಿ ಗೋಡೆಗೆ ಮೂಗು ತಾಗುವಷ್ಟು ಬಾಗಿದರು. ಆಮೇಲೆ "ದೇವರೇ" ಎಂದರು, ಮೆಲ್ಲಗೆ, ಬೈಗುಳದಂತಲ್ಲ. ಜೇಬಿನಿಂದ ಪೆನ್ಸಿಲ್ ತೆಗೆದು, ಫೋಟೊದ ಮೇಲೆಯೇ, ಕಾಲುವೆ ದಾಟಿಸಿ ಕಾಲೊನಿಯನ್ನು ಸುತ್ತಿ ಒಂದು ಗೆರೆ ಎಳೆದರು. ನಮ್ಮ ಮನೆಯೂ ಅದರೊಳಗೆ ಬಂತು. ಪೆನ್ಸಿಲ್ ಕಾಗದದ ಮೇಲೆ ಸರಿಯುವ ಸದ್ದು ಹಿಂದಿನ ಗೋಡೆಯವರಿಗೂ ಕೇಳಿಸಿರಬೇಕು.

ಟ್ಯಾಕೆಟ್ ಎದ್ದರು. ಅವರು ಕೆಟ್ಟವರಲ್ಲ ಅಮ್ಮ, ಅದೇ ಕಷ್ಟ. "ನಾನು ಬೇಡ ಅಂತಿಲ್ಲಮ್ಮ. ಹೊಸ ಶಾಲೇಲಿ ಆರು ಕೋಣೆ, ಸಿಕ್ಕಿರೋದು ಐದು ಟೀಚರ್. ಒಂದನೇ ತರಗತಿ ಕೋಣೆಗೆ ಬೀಗ ಹಾಕಿಟ್ಟಿದ್ದೀವಿ. ದೇಶದಲ್ಲೇ ಟೀಚರ್ ಇಲ್ಲ. ಕಾಲೊನಿ ಮಕ್ಕಳನ್ನ ಕರ್ಕೊಂಡು ಬಂದು ಬೀಗದ ಮುಂದೆ ಕೂರಿಸ್ಲಾ? ಟೀಚರ್ ತೋರಿಸು, ಗೆರೆ ಕಾಲುವೆ ದಾಟ್ತದೆ. ಇಲ್ಲಾಂದ್ರೆ ಕಾಲುವೆಗೇ ನಿಲ್ತದೆ."

"ನಮ್ಮಮ್ಮ ಇದ್ದಾರೆ" ಎಂದೆ.

ಯೋಚಿಸಲೇ ಇಲ್ಲ. ಬಾಯಿಂದ ಬಂದುಬಿಟ್ಟಿತು. ಅಡೆಲ್ ಪ್ರೂಯಿಟ್, ಕ್ರೆಸ್ಟನ್, ಇಪ್ಪತ್ತೆರಡು ವರ್ಷ ಒಂದನೇ ತರಗತಿ, ಅವರ ಕೋಣೆಯಿಂದ ಓದಲು ಬಾರದೆ ಯಾವ ಮಗುವೂ ಹೊರಬಿದ್ದಿಲ್ಲ ಎಂದೆಲ್ಲ ಹೇಳಿದೆ. ಟ್ಯಾಕೆಟ್ "ಬರ್ತಾರಾ?" ಎಂದರು. ನಾನು "ಬರ್ತಾರೆ" ಎಂದೆ. ಕೂಡಲೇ ಹಿಂದಿನ ಗೋಡೆಯಲ್ಲಿ ಒಂದು ಉಸಿರು ಹೊರಟಿತು, ನಲವತ್ತು ಜನರ ಒಂದೇ ಉಸಿರು. ಅದು ಕೇಳಿಸಿದ ಮೇಲೆ ನಾನು ಏನು ಮಾಡಿದೆನೆಂದು ನನಗೆ ತಿಳಿಯಿತು.

ವರ್ಷದ ಕೊನೆಯವರೆಗೆ ಸಮಯ ಕೊಟ್ಟಿದ್ದಾರೆ. ಜನವರಿ ಆರಕ್ಕೆ ಶಾಲೆ ತೆರೆಯುತ್ತದೆ. ನಿನ್ನಿಂದ ಅವರಿಗೆ ಬರಹದಲ್ಲಿ ಒಪ್ಪಿಗೆ ಬಾರದಿದ್ದರೆ ಪೆನ್ಸಿಲ್ ಗೆರೆ ಅಳಿಸುತ್ತಾರೆ.

ಫೋಟೊದ ಒಂದು ಪ್ರತಿ ಇದರ ಜೊತೆ ಸುತ್ತಿಟ್ಟಿದ್ದೇನೆ. ಬೇರೆ ಏನು ಬರೆಯಲಿ, ತೋಚುತ್ತಿಲ್ಲ.

ನಿನ್ನ,
ವರ್ನಾ


ಆರ್ಡೆಲ್
ಡಿಸೆಂಬರ್ 17, 1957

ಪ್ರೀತಿಯ ಅಮ್ಮ,

ನಾಲ್ಕು ವಾರವಾಯಿತು. ನೀನು ಪತ್ರವನ್ನು ಮಡಿಸಿ ಸಕ್ಕರೆ ಡಬ್ಬದ ಕೆಳಗಿಟ್ಟು, ದಿನಾ ಸಕ್ಕರೆ ತೆಗೆಯುವಾಗ ಅದನ್ನು ನೋಡಿಯೂ ನೋಡದಂತೆ ಇದ್ದೀಯೆಂದು ಊಹಿಸಿಕೊಳ್ಳುತ್ತೇನೆ. ಹಾಗಿದ್ದರೆ ಅದೂ ಸರಿಯೇ. ಕೇಳದೆ ನಿನ್ನ ಹೆಸರನ್ನು ತೆಗೆದುಕೊಂಡೆ. ನನ್ನ ಮೇಲಿನ ಸಿಟ್ಟು ನನ್ನ ಮೇಲೇ ಇರಲಿ, ನಾನು ಹೊರುತ್ತೇನೆ. ಬೇಡವೆಂದರೆ ಬೇಡವೆಂದು ಹ್ಯಾಲ್ವರ್ಸನ್ ಅವರಿಗೇ ಒಂದು ಸಾಲು ಬರೆದುಬಿಡು. ಅವರು ದಿನಾ ಅಂಚೆ ಕಚೇರಿಯಲ್ಲಿ ನನ್ನ ಮುಖ ನೋಡುತ್ತಾರೆ, ನಾನು ಅವರ ಬೂಟು ನೋಡುತ್ತೇನೆ. ಕಳೆದ ವಾರ ಮಾತ್ರ ನನಗಿಂತ ಮೊದಲು ಅವರೇ ಮುಖ ತಿರುಗಿಸಿದರು, ಏಕೋ.

ಗೂಡ್ಸ್ ಗಾಡಿಯ ಕೆಳಗೆ ತೆವಳುವುದಿಲ್ಲವೆಂದು ಇನೆಸ್‌ಳಿಂದ ಆಣೆ ಹಾಕಿಸಿಕೊಂಡಿದ್ದೆ. ಮೊನ್ನೆ ಹಿಮ ಬೀಳುತ್ತಿತ್ತು, ಗಾಡಿ ನಿಂತೇ ಇತ್ತು. ಅವಳು ಆಣೆ ಮುರಿಯದೆ ಆಚೆ ಬದಿ ಒಬ್ಬಳೇ ನಿಂತಳು, ಉಳಿದವರೆಲ್ಲ ತೆವಳಿ ಬಂದ ಮೇಲೂ. ಕೊನೆಗೆ ಎಮಿಲ್ ಗಾಡಿಯ ಸುತ್ತು ಬಳಸಿ ಹೋಗಿ ಹೊತ್ತು ತಂದ. ಅವಳ ರೆಪ್ಪೆಗಳ ಮೇಲೆ ಮಂಜು ಕೂತಿತ್ತು. ಬಿಸಿ ಹಾಲು ಕುಡಿಯುತ್ತಾ ಕೇಳಿದಳು: "ಗೆರೆ ಎಲ್ಲಿವರೆಗೆ ಬಂತು? ಕಾಲುವೆ ದಾಟಿತಾ?"

ಅದು ನಡೆದು ಬರುತ್ತಿದೆಯೆಂದು ಅವಳು ತಿಳಿದಿದ್ದಾಳೆ, ಅಮ್ಮ. ದೂರದಿಂದ ಬರುವ ನೆಂಟರಂತೆ. ನಾನು "ದಾರೀಲಿದೆ" ಎಂದೆ. ಚೆಲೊ ನನ್ನನ್ನು ನೋಡಿದಳು. ಅವಳು ಒಂದು ದಿನವೂ ನಿಮ್ಮಮ್ಮ ಬರೆದರಾ ಎಂದು ಕೇಳಿಲ್ಲ. ಅದೇ ನನಗೆ ಭಾರ.

ನಿನ್ನೆ ಹೊಸ ಶಾಲೆಯ ಕಾವಲುಗಾರ ಬೀಗ ತೆಗೆದು ಆರನೇ ಕೋಣೆ ತೋರಿಸಿದ. ಪೂರ್ವಕ್ಕೆ ಗೋಡೆಯೇ ಇಲ್ಲ, ಪೂರ್ತಿ ಗಾಜು. ಚಿಕ್ಕ ಕುರ್ಚಿಗಳು ಇನ್ನೂ ಕಾಗದದಲ್ಲಿ ಸುತ್ತಿಕೊಂಡು ಕೂತಿವೆ. ಹಲಗೆ ಹಸಿರು ಬಣ್ಣದ್ದು, ಅದರ ಮೇಲೆ ಈವರೆಗೆ ಯಾರೂ ಏನೂ ಬರೆದಿಲ್ಲ. ಹಿಮದ ಮೇಲಿನ ಬಿಸಿಲು ಒಳಗೆ ಬಂದು ಚಾವಣಿಯ ಮೇಲೆ ಅಲುಗಾಡುತ್ತಿತ್ತು, ನಾನು ನೀರಿನ ಕೆಳಗೆ ನಿಂತಂತೆ. ಆ ಗಾಜಿನಿಂದ ನೋಡಿದರೆ ಕಾಲೊನಿಯ ಹೊಗೆ ಕಾಣುತ್ತದೆ, ಅಷ್ಟು ಹತ್ತಿರ. ಚಾಕ್ ಎತ್ತಿಕೊಳ್ಳಬೇಕೆನಿಸಿತು. ಎತ್ತಿಕೊಳ್ಳಲಿಲ್ಲ. ಆ ಹಕ್ಕು ನಾನು ಸಂಪಾದಿಸಿಲ್ಲ ಎಂದು ಆಗ ಗೊತ್ತಾಯಿತು, ನೀನು ಬೇಸಿಗೆಯಿಡೀ ಹೇಳಿದಾಗ ಗೊತ್ತಾಗದೇ ಇದ್ದದ್ದು.

ಕ್ರಿಸ್ಮಸ್ಸಿಗೆ ಬೆಚ್ಚಗಿರು.

ವರ್ನಾ


ಕ್ರೆಸ್ಟನ್
ಡಿಸೆಂಬರ್ 27, 1957

ವರ್ನಾ,

ಸಕ್ಕರೆ ಡಬ್ಬದ ಕೆಳಗಲ್ಲ, ಬೈಬಲ್ಲಿನ ಕೆಳಗೆ.

ಈ ತಿಂಗಳ ಮೊದಲ ವಾರವೇ ನಾನು ಹ್ಯಾಲ್ವರ್ಸನ್ ಅವರಿಗೆ, ಯೋಚಿಸುತ್ತಿದ್ದೇನೆ, ವರ್ಷದ ಕೊನೆಯೊಳಗೆ ಉತ್ತರ ಕೊಡುತ್ತೇನೆ ಎಂದು ಬರೆದೆ, ನಿನಗೆ ಹೇಳಬಾರದೆಂಬ ಕರಾರಿನ ಮೇಲೆ. ಅವರು ಪಾಪ ಮಾತು ಉಳಿಸಿಕೊಂಡಿದ್ದಾರೆ. ನೀನು ನನ್ನ ಪರವಾಗಿ ಮಾತು ಕೊಟ್ಟದ್ದಕ್ಕೆ ನಾನು ಬರುವುದು ಸಾಧ್ಯವಿರಲಿಲ್ಲ. ನನ್ನದೇ ಕಾರಣ ಬೇಕಿತ್ತು, ಅದಕ್ಕೆ ಸಮಯ ಹಿಡಿಯಿತು.

ಫೋಟೊವನ್ನು ಊಟದ ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ತಟ್ಟೆ ಇಟ್ಟು, ನಿನ್ನ ಅಪ್ಪನ ಭೂತಗನ್ನಡಿ ಹಿಡಿದು ಕೂತೆ. ಒಂದು ಭಾನುವಾರ ಪೂರ್ತಿ ಹೋಯಿತು, ಚರ್ಚಿಗೂ ಹೋಗಲಿಲ್ಲ. ನಾನು ಜೀವನವಿಡೀ ಮಕ್ಕಳನ್ನು ಬಾಗಿಲಲ್ಲಿ ಬರಮಾಡಿಕೊಂಡವಳು. ಕೋಟು ತೊಟ್ಟು, ಮೂಗು ಸುರಿಸಿಕೊಂಡು, ಅಳುತ್ತಾ ಬಂದಮೇಲಷ್ಟೇ ಅವರು ನನಗೆ ಕಾಣುತ್ತಿದ್ದರು. ಇನ್ನೂ ನಡೆಯಲೂ ಬಾರದವರನ್ನು ಇಷ್ಟು ಮೊದಲೇ, ಇಷ್ಟು ಎತ್ತರದಿಂದ, ಎಲ್ಲರನ್ನೂ ಒಟ್ಟಿಗೆ ಎಂದೂ ನೋಡಿರಲಿಲ್ಲ. ಕೋಳಿಗೂಡಿನ ಮೇಲಿನ ಸಾಲನ್ನು ಎಣಿಸುತ್ತಾ ಎರಡು ಸಲ ಲೆಕ್ಕ ತಪ್ಪಿದೆ. ವಯಸ್ಸಿಗೆ ಎಂದುಕೊಳ್ಳಲು ನೋಡಿದೆ. ಅದಲ್ಲ.

ಒಪ್ಪಿಗೆಯನ್ನು ಮಂಡಳಿಗೆ ಈ ದಿನವೇ ಕಳುಹಿಸಿದ್ದೇನೆ. ಟ್ಯಾಕೆಟ್ ಅವರಿಗೂ ಪ್ರತ್ಯೇಕವಾಗಿ ಬರೆದಿದ್ದೇನೆ, ಪೆನ್ಸಿಲ್ ಗೆರೆಯ ಮೇಲೆ ಶಾಯಿ ಎಳೆಯಿರಿ, ಮೊದಲು ಅದು ಒಣಗಲಿ, ಆಮೇಲೆ ನಾನು ಕೋಣೆಯೊಳಗೆ ಕಾಲಿಡುತ್ತೇನೆ ಎಂದು. ಇನ್ನು ಮುಂದೆ ಮಂಡಳಿಯಲ್ಲಿ ಇಬ್ಬರು ಹೆಂಗಸರಾದರೂ ಇರುವುದು ಲೇಸೆಂದೂ ಸೂಚಿಸಿದ್ದೇನೆ.

ನಿನ್ನ ವಿಷಯ. ಗ್ರೀಲಿಯ ಟೀಚರ್ ಕಾಲೇಜು ನಿಮ್ಮೂರಿಗೆ ದೂರವಲ್ಲ, ವಿಚಾರಿಸಿದ್ದೇನೆ. ಕೂಸಿಗೆ ಒಂದು ವರ್ಷವಾಗುವಷ್ಟರಲ್ಲಿ ನೀನು ಆ ಟರ್ಮ್ ಮುಗಿಸಬೇಕು. ಕೂಸನ್ನು ನಾನು ನೋಡಿಕೊಳ್ಳುತ್ತೇನೆ. ನಾನು ಆ ಕೋಣೆಯನ್ನು ತೆರೆಯುವವಳು ಮಾತ್ರ. ಬೀಗದ ಕೈ ನಿನಗೆ ಕೊಟ್ಟು ಹೊರಡುವವಳು. ಈಗ ಮದುವೆಯಾದವಳ ಕೈಯಿಂದ ಯಾರೂ ಚಾಕ್ ಕಿತ್ತುಕೊಳ್ಳುವುದಿಲ್ಲ, ನೀನಾಗಿ ಕೆಳಗಿಡಬೇಡ.

ಆ ಹುಡುಗಿಗೆ ಗೆರೆ ಕಾಲುವೆ ದಾಟಿತೆಂದು ಹೇಳು. ನಿನ್ನ ಗಂಡನಿಗೆ, ನನ್ನನ್ನು ಕರೆತರಲು ನೆಲದ ಮೇಲೆ ಓಡುವ ಗಾಡಿಯಲ್ಲೇ ಬರಬೇಕೆಂದು ಹೇಳು. ನನ್ನ ಪೆಟ್ಟಿಗೆಗಳು ಭಾರವಿವೆ, ಅಟ್ಟದ ಪುಸ್ತಕಗಳೆಲ್ಲ ಅದರಲ್ಲಿವೆ.

ಜನವರಿ ಎರಡು, ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ, ಡೆನ್ವರಿಗೆ ಹೋಗುವ ಬರ್ಲಿಂಗ್ಟನ್ ಏಳನೇ ನಂಬರ್ ಗಾಡಿಯಲ್ಲಿ ನಿಮ್ಮೂರಿನಲ್ಲಿ ಇಳಿಯುತ್ತೇನೆ.

ಅಮ್ಮ